ಊರ ಉಸಾಬರಿ

ಬೀಟ್ ಮೆಂಬರ್ ಎಂದರೆ ಸಂಬಳವಿಲ್ಲದೆ, ಸಮವಸ್ತ್ರವಿಲ್ಲದೆ, ಬಹುಮಟ್ಟಿಗೆ ಯಾರೂ ಕೇಳಿಕೊಳ್ಳದೆ ಊರು ಕಾಯುವ ಮನುಷ್ಯ. 2017ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆ ಸುಧಾರಿತ ಬೀಟ್ ವ್ಯವಸ್ಥೆ ತಂದಿತು. ಠಾಣೆಯ ಸರಹದ್ದನ್ನು ಪೇದೆಗಳಿಗೆ ಹಂಚಿ, ಆಯಾ ಭಾಗದ ನಿವಾಸಿಗಳನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಹೆಸರು ಬಂದದ್ದು ಆಗ. ಮನುಷ್ಯ ಅದಕ್ಕೂ ಮೊದಲೇ ಕಟ್ಟೆಯ ಮೇಲೆ ಕೂತಿದ್ದ. ಹಿಂದೆ ಈ ಕೆಲಸಕ್ಕೆ ತಳವಾರನಿದ್ದ, ಅವನಿಗೆ ಇನಾಮು ಜಮೀನಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶದ ಹುದ್ದೆಯನ್ನು ತೆಗೆದುಹಾಕಿತು. ಊರ ಉಸಾಬರಿಯನ್ನು ತೆಗೆಯುವುದು ಯಾವ ಕಾಯ್ದೆಯ ಕೈಲೂ ಆಗುವಂಥದ್ದಲ್ಲ.

ದಾಂಡೇಲಿ ಮಗ್ಗುಲಿನ ಮೌಳಂಗಿಯಂಥ ಊರಲ್ಲಿ ಇವನನ್ನು ಗುರುತಿಸುವುದು ಸುಲಭ. ಕೈಯಲ್ಲಿ ಹಗಲಲ್ಲೂ ಬ್ಯಾಟರಿ, ಅಂಗಿಯ ಕಿಸೆಯಲ್ಲಿ ಸೀಟಿ. ಅದೇ ಕಿಸೆಯಲ್ಲಿ ಅಡಿಕೆಯೂ ಇರುವುದರಿಂದ ಸೀಟಿಯೊಳಗೆ ಚೂರು ಸಿಕ್ಕಿಕೊಂಡು, ಊದಬೇಕಾದ ಹೊತ್ತಿಗೆ ಸುಯ್ ಎಂಬ ನಿಟ್ಟುಸಿರಷ್ಟೇ ಹೊರಡುತ್ತದೆ. ಅವನ ನಿಜವಾದ ಹತಾರವೆಂದರೆ ಮೂರು ಪ್ರಶ್ನೆ: ‘ಯಾವೂರ್ರಿ? ಯಾರ ಮನೀಗೆ? ಹೊಳ್ಳಿ ಯಾವಾಗ ಹೋಗ್ತೀರಿ?’ ಬೀಗರ ಮನೆಗೆ ಬಂದವರಿಗೆ ಮೂರನೆಯದು ಮುಳ್ಳಿನಂತೆ ಚುಚ್ಚುತ್ತದೆ. ಕದಿಯಲು ಬಂದವನಿಗೆ ಮೊದಲನೆಯದೇ ಸಾಕು. ತನ್ನ ಮುಖವನ್ನು ಒಬ್ಬ ನೋಡಿಟ್ಟುಕೊಂಡಿದ್ದಾನೆ ಎಂದು ತಿಳಿದ ಕಳ್ಳ ಮುಂದಿನ ಊರನ್ನು ಹುಡುಕಿಕೊಳ್ಳುತ್ತಾನೆ. ಕಳುವಾದ ಮೇಲೆ ಹಿಡಿಯುವುದು ಠಾಣೆಯ ಕೆಲಸ. ಆಗದಂತೆ ನೋಡುವುದರಲ್ಲಿ ಇಂಥ ಅಧಿಕಪ್ರಸಂಗಿಯ ಪಾಲು ದೊಡ್ಡದು. ಆಗದೇ ಹೋದ ಕಳುವಿಗೆ ಎಫ್‌ಐಆರ್ ಇಲ್ಲವಾದ್ದರಿಂದ ಅವನ ಸಾಧನೆ ಎಲ್ಲೂ ದಾಖಲಾಗುವುದಿಲ್ಲ. ಆ ಕೊರತೆಯನ್ನು ಅವನು ಚಹಾದಂಗಡಿಯಲ್ಲಿ ತಾನೇ ತುಂಬಿಕೊಳ್ಳುತ್ತಾನೆ.

ತನಗೆ ಉಳಿದವರಿಗಿಂತ ಹೆಚ್ಚಿನ ಅಧಿಕಾರವಿದೆ ಎಂಬ ಭ್ರಮೆ ಅವನಿಗಿದೆ. ತನ್ನ ಕಣ್ಣೆದುರೇ ಜಾಮೀನಿಲ್ಲದ, ವಾರಂಟ್ ಬೇಕಿಲ್ಲದ ಅಪರಾಧ ಮಾಡಿದವನನ್ನು ಯಾವ ನಾಗರಿಕನೂ ಹಿಡಿಯಬಹುದು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ ಹಿಡಿದವನನ್ನು ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೀಟ್ ಮೆಂಬರನಿಗೆ ಇರುವುದೂ ಇಷ್ಟೇ. ಎದುರುಮನೆಯವನಿಗೂ ಇದೇ ಅಧಿಕಾರ ಇದೆ ಎಂಬುದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಅವನು ಕೆಡುವುದು ವಾಟ್ಸಾಪ್‌ನಲ್ಲಿ. ಬೀಟ್ ಗುಂಪಿನಲ್ಲಿ ಶುಭೋದಯ, ಗಣಪತಿ, ಹರಳೆಣ್ಣೆಯ ಗುಣ ಎಲ್ಲ ಬರುತ್ತವೆ. ನಡುವೆ ‘ಮಕ್ಕಳ ಕಳ್ಳರು ಬಂದಾರ, ಎಲ್ಲರಿಗೂ ಕಳಿಸ್ರಿ’ ಎಂಬುದೂ ಬರುತ್ತದೆ. 2018ರ ಮೇ ತಿಂಗಳಲ್ಲಿ ಇಂಥದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬ ಜನರ ಹೊಡೆತಕ್ಕೆ ಜೀವ ಬಿಟ್ಟ. ಕೇಳಿ ತಿಳಿಯುವ ಚಟದವನು ಕೇಳದೆ ನಂಬಿದರೆ ಅವನಷ್ಟು ಅಪಾಯದವನು ಇನ್ನೊಬ್ಬನಿಲ್ಲ. ಜಾಣನಾದವನು ಮೊದಲು ಪೇದೆಗೆ ಫೋನ್ ಮಾಡುತ್ತಾನೆ: ‘ಸಾಹೇಬ್ರ, ಇದು ಖರೇನ್ರಿ?’

ಮನೆಯಲ್ಲಿ ಅವನ ಸೇವೆಗೆ ಅಷ್ಟು ಮರ್ಯಾದೆಯಿಲ್ಲ. ‘ಊರ ಕಾಯಾಕ ಹೋಗ್ಯಾರ. ನಮ್ಮ ಹಿತ್ತಲ ಬಾಗಲ ಚಿಲಕ ಮುರದು ತಿಂಗಳಾತು,’ ಎಂಬುದು ಹೆಂಡತಿಯ ವರದಿ.

ಅವನ ಬೆಲೆ ಗೊತ್ತಾಗುವುದು ರವಿವಾರ, ಕಾಳಿ ಹೊಳೆಯ ದಂಡೆಯಲ್ಲಿ. ಮೌಳಂಗಿಯ ಇಕೋ ಪಾರ್ಕಿಗೆ ಹುಬ್ಬಳ್ಳಿ, ಬೆಳಗಾವಿ, ಗೋವಾದ ಗಾಡಿಗಳು ಬಂದು ನಿಲ್ಲುತ್ತವೆ. ಜನ ಇಳಿದವರೇ ನಡುಹೊಳೆಯ ಬಂಡೆ ಹತ್ತಿ ಸೆಲ್ಫಿಗೆ ನಿಲ್ಲುತ್ತಾರೆ. ಮೇಲುಗಡೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಅದರ ಬುಡದ ವಿದ್ಯುದಾಗಾರ ನೀರು ಬಿಟ್ಟಾಗ ಕೆಳಗೆ ಹೊಳೆ ಏರುತ್ತದೆ.

‘ಅಣ್ಣಾರ, ನೀರ ಏರತೈತ್ರಿ. ಮ್ಯಾಲ ಬರ್ರಿ.’

‘ಮಳೀನ ಇಲ್ಲ, ಇಂಥಾ ಬಿಸಲಾಗ ನೀರ ಎಲ್ಲಿಂದ ಬರತೈತಿ ಕಾಕಾ?’

‘ಕರೆಂಟ್ ನಿಮ್ಮ ಹುಬ್ಬಳ್ಯಾಗ ಹತ್ತತೈತ್ರಿ, ನೀರ ನಮ್ಮಲ್ಲಿ ಬರತೈತಿ.’

ನಗುತ್ತಾರೆ, ಕದಲುವುದಿಲ್ಲ. ಸೀಟಿ ಊದುತ್ತಾನೆ, ನಿಟ್ಟುಸಿರು. ಕೊನೆಗೆ ಅವನು ದನಿ ಇಳಿಸಿ, ಬಂಡೆಯ ಆಚೆ ಬದಿಗೆ ಬ್ಯಾಟರಿ ಚಾಚಿ, ‘ಮೊಸಳಿ’ ಎನ್ನುತ್ತಾನೆ. ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳಿರುವುದು ನಿಜ. ಆ ಬಂಡೆಯ ಹಿಂದೆ ಆ ಗಳಿಗೆಯಲ್ಲಿ ಇತ್ತೇ ಎಂಬುದನ್ನು ನೋಡಲು ಯಾರೂ ನಿಲ್ಲುವುದಿಲ್ಲ. ಅಣೆಕಟ್ಟಿನ ವಿಜ್ಞಾನಕ್ಕೆ ಜಗ್ಗದವರು ಅರ್ಧ ನಿಮಿಷದಲ್ಲಿ ದಂಡೆಯ ಮೇಲಿರುತ್ತಾರೆ.

ಆಮೇಲೆ ಅವನು ಚಪ್ಪಲಿ ಎಣಿಸುತ್ತಾನೆ. ದಂಡೆಯ ಮೇಲೆ ಬಿಟ್ಟ ಜೋಡಿಗಳೆಲ್ಲ ಕಾಲು ಸೇರುವತನಕ ಅಲ್ಲಿಂದ ಏಳುವುದಿಲ್ಲ. ಒಂದು ಜೋಡಿ ಉಳಿಯಿತೋ, ಎಡಗೈಯಲ್ಲಿ 112 ಒತ್ತುತ್ತ, ಗಾಡಿಗಳತ್ತ ಕೂಗುತ್ತಾನೆ: ‘ಇವು ಯಾರವ್ರಿ?’ ಬಹಳ ಸಲ ಆ ಜೋಡಿಯ ಯಜಮಾನ ಗಾಡಿಯ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿರುತ್ತಾನೆ.