ತಾಯಿ ಬದಲಾದರೆ ರ‍್ಯಾಮಿಗೆ ವನವಾಸ

ಹೊಸಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿ. ಕಂಪ್ಲಿಯ ಗೌಡರು ಗೋಣಿಚೀಲದಿಂದ 2012ರ ಸಿಪಿಯು ಇಳಿಸಿದರು. ಮೇಲಿನ ಕೆಂಧೂಳು ನೋಡಿದರೆ ಸಂಡೂರು ಗಣಿಯಿಂದ ಅಗೆದು ತಂದಂತಿತ್ತು.

“ತಮ್ಮಾ, ಅಗ್ಗದಾಗ ಇದನ್ನ ಅಪ್‌ಗ್ರೇಡ್ ಮಾಡು. ಹುಡುಗನ ಓದಿಗೆ.”

“ಯಾವ ಸಬ್ಜೆಕ್ಟ್ ರೀ, ಗೌಡ್ರೆ?”

“ಜಿಟಿಎ ಅಂತಿದ್ದ. ಸಿಎ ಇದ್ದಂಗ ಇರಬೇಕು.”

“ಹಂಗಾರ ಗ್ರಾಫಿಕ್ಸ್ ಕಾರ್ಡ್ ಬೇಕ್ರಿ.”

“ಬಿಪಿಎಲ್ ಕಾರ್ಡ್ ಐತಿ. ನಡೀತೈತೇನು?”

“ಇಲ್ರಿ. ಹೊಸ ಕಾರ್ಡ್ ಹಾಕಿದ್ರ ಹಳೇ ಪವರ್ ಸಪ್ಲೈ ತಡೆಯಂಗಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. 11 ಹಾಕೋಣಂದ್ರ ಈ ಮದರ್‌ಬೋರ್ಡ್ ಒಲ್ಲೆ ಅಂತೈತಿ.”

“ತಾಯೀನ ಬದಲಿಸಬೇಕೇನು?”

“ತಾಯಿ ಬದಲಾದ್ರ ಹಳೇ ರ‍್ಯಾಮ್ ಹೊರಗ ರೀ.”

“ಚಿಕ್ಕವ್ವ ಬಂದ್ರ ರಾಮಗ ವನವಾಸ, ಗೊತ್ತಿದ್ದದ್ದೇ. ಆನ್ ಮಾಡಿದ್ರ ಚಕ್ರ ತಿರುಗ್ತಾನ ಇರ್ತೈತಲ್ಲ, ಅದು?”

“ಹಂಪಿ ರಥದ ಚಕ್ರದಂಗ ನಿಂದ್ರಸ್ತೀನಿ ಬಿಡ್ರಿ.”

“ಟಿಬಿ ಡ್ಯಾಮಿನಾಗ 2024ಕ್ಕ 19ನೇ ಗೇಟು ಕೊಚ್ಚಿಹೋತು. ಕೈ ಹಾಕಿದ ಮ್ಯಾಲೆ 33ನ್ನೂ ಬದಲಿಸೋ ಮಾತು ಬಂತು. ಹಂಗೇನು?”

“ಅಲ್ಲಿ ಡ್ಯಾಮರ ಉಳೀತೈತ್ರಿ.”

“ನಂದ್ರಾಗ?”

“ಮೌಸ್ ಪ್ಯಾಡ್.”

“ಸಾಕು ಬಿಡು. ಹೊಸದು ಕೊಂಡಿಲ್ಲ ಅಂತ ಮನ್ಯಾಗ ಹೇಳಾಕ ಅಷ್ಟಿದ್ರ ಆತು.”