ಏಳು ಸುತ್ತು ಬೇಡ, ನಾಲ್ಕು ಸಾಕು

ಭಾನುವಾರ ಬೆಳಗ್ಗೆ ಕಾಂಪೌಂಡಿನ ಆಚೆಯಿಂದ ಮಷೀನಿನ ಸದ್ದು ಬಂತು. ಮೊದಲು ದುಂಬಿಯ ಹಾಗೆ ಗುಂಯ್‌ಗುಡುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದಂತೆ ಮುಲುಗತೊಡಗಿತು. ಯಾರೋ ಅದುಮುತ್ತಿದ್ದಾರೆ ಅನ್ನುವುದು ಸದ್ದಿನಲ್ಲೇ ತಿಳಿಯಿತು. ಎದ್ದು ಹೋಗಿ ಗೋಡೆಗೆ ಕೈ ಊರಿ ನಿಂತೆ.

ಪಕ್ಕದ ಮನೆ ಮೇಷ್ಟ್ರು. ಹೊಸದುರ್ಗದ ಕಡೆ ಅವರ ಹಳ್ಳಿಮನೆ ಬಿಚ್ಚುವಾಗ ತಲೆಬಾಗಿಲನ್ನು ಜೋಪಾನವಾಗಿ ಚಿತ್ರದುರ್ಗಕ್ಕೆ ತಂದಿದ್ದಾರೆ. ಅದನ್ನು ಅಂಗಳದಲ್ಲಿ ಮಲಗಿಸಿ, ಹೊಳಲ್ಕೆರೆ ರಸ್ತೆಯಲ್ಲಿ ಕೊಂಡ ಹೊಸ ಸ್ಯಾಂಡಿಂಗ್ ಮಷೀನು ಹಿಡಿದು ಕೂತಿದ್ದಾರೆ.

“ಮೇಷ್ಟ್ರೇ, ಅದುಮಬೇಡಿ. ಅದರ ತೂಕವೇ ಅದಕ್ಕೆ ಸಾಕು.”

“ಬೇಗ ಆಗ್ಲಿ ಅಂತ ಒತ್ತಿದೆ ಕಣ್ರೀ.”

ಒತ್ತಿದರೆ ಬೇಗ ಆಗುವುದಿಲ್ಲ. ತಟ್ಟೆಯ ಓಟ ಕುಂದುತ್ತದೆ, ಕಾಗದ ಕಾದು ಹಾಳಾಗುತ್ತದೆ, ಮರದ ಮೇಲೆ ಸುರುಳಿ ಸುರುಳಿ ಗೀರು ಬೀಳುತ್ತದೆ. ಪಾಲಿಶ್ ಹಚ್ಚಿದ ಮೇಲೇ ಆ ಗೀರು ಎದ್ದು ಕಾಣುವುದು. ಸೆಕೆಂಡಿಗೆ ಒಂದಂಗುಲದಷ್ಟು ನಿಧಾನವಾಗಿ, ಮರದ ಎಳೆಯ ಗುಂಟ ಸಾಗಿಸಿದರೆ ಸಾಕು.

ಪ್ಲಗ್ ಕಿತ್ತು ಮಷೀನು ತಿರುಗಿಸಿ ನೋಡಿದೆವು. ಕಾಗದ ಸಡಿಲವಾಗಿ ಜೋತುಬಿದ್ದಿತ್ತು. ಒಂಬತ್ತು ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದದ ಹಾಳೆಯನ್ನು ನಾಲ್ಕಾಗಿ ಮಡಚಿ, ಹ್ಯಾಕ್ಸಾ ಬ್ಲೇಡಿನ ಅಂಚಿಗೆ ಒತ್ತಿ ಹರಿದರೆ ಈ ಮಷೀನಿಗೆ ಸರಿಹೋಗುವ ತುಂಡು ಸಿಗುತ್ತದೆ. ಒಂದು ಕ್ಲಿಪ್ಪಿಗೆ ಸಿಕ್ಕಿಸಿ, ಎಳೆದು, ಇನ್ನೊಂದಕ್ಕೆ ಹಾಕಬೇಕು. ಬಿಗಿ ಇಲ್ಲದಿದ್ದರೆ ಕಾಗದ ಕುಣಿದು ಹರಿಯುತ್ತದೆ. ಆಮೇಲೆ ಜೊತೆಗೆ ಕೊಟ್ಟಿರುವ ಮುಳ್ಳಿನ ಹಲಗೆಯ ಮೇಲೆ ಒತ್ತಿ ತೂತು ಮಾಡಬೇಕು. ತಟ್ಟೆಯ ತೂತಿಗೂ ಕಾಗದದ ತೂತಿಗೂ ಹೊಂದಿದರೇ ಹೊಟ್ಟು ಚೀಲಕ್ಕೆ ಹೋಗುವುದು. ಮೇಷ್ಟ್ರು ಆ ಹಲಗೆಯನ್ನು ಡಬ್ಬಿಯಿಂದ ತೆಗೆದೇ ಇರಲಿಲ್ಲ.

ಕಾಗದದ ಮೇಲೆ ಹಳದಿ ಮೇಣದಂಥ ಗಟ್ಟಿ ಅಂಟಿತ್ತು. ಮೂಗಿಗೆ ಹಿಡಿದರೆ ಅರಿಸಿನ, ಎಣ್ಣೆ. ಎಷ್ಟೋ ಯುಗಾದಿ, ಶ್ರಾವಣಗಳ ಪೂಜೆ ಅದು. ಅದನ್ನು ಮಷೀನಿಗೆ ಕೊಟ್ಟರೆ ಹರಳಿನ ಸಂದು ತುಂಬಿ ನಿಮಿಷದಲ್ಲಿ ಕಾಗದ ಸತ್ತಂತೆ. ಮೊದಲು ಚಪ್ಪಟೆ ಉಳಿಯಿಂದ ಮೆಲ್ಲಗೆ ಕೆರೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟೆವು.

ಚಹಾ ಬಂತು, ಮಾತು ನಂಬರಿಗೆ ಹೊರಳಿತು. ಹಳಬರು ಉಪ್ಪುಕಾಗದ ಅನ್ನುತ್ತಾರೆ. ಇವತ್ತಿನದರಲ್ಲಿ ಉಪ್ಪೂ ಇಲ್ಲ, ಮರಳೂ ಇಲ್ಲ. ಕಂದು ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯುಮಿನಿಯಂ ಆಕ್ಸೈಡ್, ಕಪ್ಪು ವಾಟರ್ ಪೇಪರಿನಲ್ಲಿ ಸಿಲಿಕಾನ್ ಕಾರ್ಬೈಡ್. ಬೆನ್ನಿನ ಮೇಲಿನ ಅಂಕಿ ಏರಿದಷ್ಟೂ ಹರಳು ಸಣ್ಣ. ಜರಡಿಯ ಲೆಕ್ಕ ಅದು. 80 ಅಂದರೆ ಬನ್ಸಿ ರವೆ, 120 ಉಪ್ಪಿಟ್ಟಿನ ರವೆ, 180 ಚಿರೋಟಿ ರವೆ ಅಂದುಕೊಳ್ಳಿ ಅಂದೆ. ಒಳಗಿನಿಂದ ಅಕ್ಕನವರು, “ಈಗ ನನಗೂ ತಿಳೀತು ನೋಡಿ” ಅಂದರು.

“80 ಆದ್ಮೇಲೆ ಸೀದಾ 220 ಹಾಕಿದ್ರೆ?”

“ದುರ್ಗದವರು ನೀವು. ಹೊರಸುತ್ತಿನ ಬಾಗಿಲು ದಾಟದೆ ಒಳಕೋಟೆಗೆ ಹೋದವರುಂಟೇ?”

80 ಬಿಟ್ಟ ಗೀರನ್ನು 120 ಅಳಿಸಬೇಕು, 120ರದನ್ನು 180. ಮುಂದಿನ ಕಾಗದಕ್ಕೆ ಹಿಂದಿನ ಗೀರು ಅಳಿಸುವುದೊಂದೇ ಕೆಲಸ. ನಡುವೆ ಒಂದನ್ನು ಹಾರಿಸಿದರೆ 220 ಆ ಗೀರಿನ ತುದಿಯನ್ನಷ್ಟೇ ನಯ ಮಾಡುತ್ತದೆ, ಬುಡ ಹಾಗೇ ಉಳಿಯುತ್ತದೆ. ಕೋಟೆಗೆ ಏಳು ಸುತ್ತು, ಬಾಗಿಲಿಗೆ ನಾಲ್ಕು ಸಾಕು. ಪ್ರತಿ ಸುತ್ತಿಗೂ ಮೊದಲು ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಬೇಕು. ಗೀಚಿದ್ದು ಎಲ್ಲ ಕಡೆ ಮಾಯವಾದರೆ ಆ ಸುತ್ತು ಮುಗಿಯಿತು. ಹೊಟ್ಟು ಒರೆಸಿಯೇ ಮುಂದಿನ ಕಾಗದ. ಕೊನೆಯ 220ನ್ನು ಮಷೀನು ಬದಿಗಿಟ್ಟು ಕೈಯಲ್ಲೇ, ಎಳೆಯ ಗುಂಟ.

ಚೌಕಟ್ಟಿನ ಹಸಿರು ಪೇಂಟಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳಿದೆ. ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಪೇಂಟಿನಲ್ಲಿ ಎಷ್ಟಿದೆಯೋ ಕಣ್ಣಿಗೆ ಕಾಣದು. ಮಷೀನು ಅದನ್ನು ಹಿಟ್ಟಿನಂತೆ ಹಾರಿಸುತ್ತದೆ. ಜೋಗಿಮಟ್ಟಿಯ ಮೇಲಿಂದ ಬೀಸುವ ನಮ್ಮೂರ ಗಾಳಿಗೆ ಆ ಪುಡಿ ಮೊಮ್ಮಗು ಆಡುವ ಜಗಲಿಗೆ ಬರಲು ಎಷ್ಟು ಹೊತ್ತು? ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು. ಆ ಪೇಂಟನ್ನು ನೀರು ಹಾಕಿ ವಾಟರ್ ಪೇಪರಿನಿಂದ ಕೈಯಲ್ಲೇ ಉಜ್ಜಿ, ರಾಡಿಯನ್ನು ಬಟ್ಟೆಯಲ್ಲಿ ಬಳಿದು ತೆಗೆಯಿರಿ ಅಂದೆ. ಬರಿ ಮರದ ಹೊಟ್ಟೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ ಕರವಸ್ತ್ರ ಸಾಲದು, ಒಳ್ಳೆ ಮಾಸ್ಕೇ ಬೇಕು. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು.

ಸಂಜೆ ಹೊತ್ತಿಗೆ ಎರಡು ಸುತ್ತು ಮುಗಿದಿತ್ತು. “ಇನ್ನು ಸಾಕು ಅಂತ ಹೆಂಗೆ ಗೊತ್ತಾಗುತ್ತೆ?” ಅಂದರು ಮೇಷ್ಟ್ರು. ಅವರ ಕೈ ಹಿಡಿದು ಚಿಲಕದ ಪಕ್ಕದ ಒಂದು ಜಾಗದ ಮೇಲೆ ಇಟ್ಟೆ. ಅಂಗೈಯಗಲ ತುಸು ತಗ್ಗು. ಬಾಗಿಲು ದೂಡಿದವರ ಕೈ ತಗುಲಿ ತಗುಲಿ ಕನ್ನಡಿಯಂತಾಗಿತ್ತು. ಅವರು ಕಣ್ಣು ಮುಚ್ಚಿ ಸವರಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಇಲ್ಲಿ ಮಷೀನು ಆಡಿಸಬೇಡಿ,” ಅಂದೆ. “ಉಳಿದ ಬಾಗಿಲು ಕೈಗೆ ಹೀಗೆ ಹತ್ತಿದ ದಿನ ನಿಲ್ಲಿಸಿ.”