ತುರ್ತು ಎಚ್ಚರಿಕೆ ಸಂದೇಶದವರಿಗೆ ಬ್ಯಾಕೋಡಿನಿಂದ

ಇವರಿಗೆ,
ಶ್ರೀ ತುರ್ತು ಎಚ್ಚರಿಕೆ ಸಂದೇಶದವರು,
ಮೊಬೈಲ್ ಟವರ್, ಇದ್ದಲ್ಲಿ.

ವಿಷಯ: ಆಪತ್ತನ್ನು ಕರೆಂಟ್ ಇರುವ ಹೊತ್ತಿನಲ್ಲಿ, ಸಿಗ್ನಲ್ ಸಿಗುವ ಜಾಗದಲ್ಲೇ ಮಂಜೂರು ಮಾಡುವ ಬಗ್ಗೆ.
ಉಲ್ಲೇಖ: 2023ರ ಅಕ್ಟೋಬರ್ 12ರಂದು ತಾವು ರಾಜ್ಯದ ಮೊಬೈಲುಗಳಲ್ಲಿ ಕಿರುಚಿದ್ದು.

ಮಾನ್ಯರೇ,

ಅಂದು ತಾವು ದೊಡ್ಡದಾಗಿ ಸದ್ದು ಮಾಡಿ, ಇದು ಬರೀ ಪರೀಕ್ಷೆ, ನೀವೇನೂ ಮಾಡಬೇಕಾಗಿಲ್ಲ ಎಂದು ತಿಳಿಸಿದಿರಿ. ಶರಾವತಿ ಹಿನ್ನೀರಿನ ಆಚೆ ದಡದ ಬ್ಯಾಕೋಡಿನವರಾದ ನಾವು ಈ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದೇವೆ. ಸಿಗ್ನಲ್ ಸಿಗದ ಒಂಟಿ ಮನೆಗಳವರಂತೂ ಸಂದೇಶ ತಲುಪದೆಯೇ ಪಾಲಿಸಿದರು.

ತಮ್ಮ ವಿದ್ಯೆ ದೊಡ್ಡದು. ಯಾರ ನಂಬರೂ ಬೇಡ, ಟವರಿನ ಸುತ್ತಲಿನ ಫೋನುಗಳಿಗೆಲ್ಲ ಒಂದೇ ಸಲ ಕೂಗುತ್ತೀರಿ. ಟವರ್ ಇರಬೇಕು, ಅದಕ್ಕೆ ಕರೆಂಟ್ ಇರಬೇಕು, ಅಷ್ಟೆ. ನಮ್ಮಲ್ಲಿ ಆಷಾಢದ ಗಾಳಿ ಎದ್ದರೆ ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬ್ಯಾಟರಿ ಮುಗಿದ ಮೇಲೆ ಟವರೂ ಮಲಗುತ್ತದೆ. ಕರೆಂಟ್ ಹೋಗಿದೆ ಎಂದು ತಿಳಿಸಲು 1912ಕ್ಕೆ ಫೋನ್ ಮಾಡಬೇಕಂತೆ. (ನಮ್ಮ ಗದ್ದೆ, ತೋಟ ಮುಳುಗಿಸಿದ ಲಿಂಗನಮಕ್ಕಿ ಜಲಾಶಯದ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಟವರಿಗೆ ಅದರಲ್ಲಿ ಎಷ್ಟು ಬೇಕೋ, ನಾನು ಎಂಜಿನಿಯರ್ ಅಲ್ಲ.)

ನಂಬರುಗಳಿಗೇನೂ ಕೊರತೆಯಿಲ್ಲ. ಆಂಬುಲೆನ್ಸಿಗೆ 108, ಎಲ್ಲದಕ್ಕೂ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಕಾಡಿನಲ್ಲಿ ಮಂಗ ಸತ್ತಿದ್ದರೆ ತಕ್ಷಣ ತಿಳಿಸಿ ಎಂಬ ಸೂಚನೆಯೂ ಇದೆ. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆ ಏನು ಮಾಡಿತೆಂದು ಬಲ್ಲ ನಾವು ಅದನ್ನು ತಮಾಷೆ ಮಾಡುವುದಿಲ್ಲ. ತಿಳಿಸುವುದು ಹೇಗೆ ಎಂಬುದೇ ತಮಾಷೆ.

ಇಲ್ಲಿ ಸಹಾಯ ಕೇಳುವ ಕ್ರಮ ಬೇರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಯಲ್ಲಿ ಅಜ್ಜನಿಗೆ ರಾತ್ರಿ ದಮ್ಮು ಏರಿತೆನ್ನಿ. ಮಗ ಕಳಿಸಿದ ಸ್ಮಾರ್ಟ್‌ಫೋನಿನ ಟಾರ್ಚ್ ಹಿಡಿದು (ಮಳೆಗಾಲದಲ್ಲಿ ಅದರ ಉಪಯೋಗ ಅಷ್ಟೇ) ಅಜ್ಜಿ ಅಂಗಳಕ್ಕಿಳಿದು ಕೂಗು ಹಾಕುತ್ತಾರೆ. ಕೆಳಗಿನ ಮನೆಯವರಿಗೆ ಕೇಳಿದರೆ ಒಬ್ಬ ಬೈಕ್ ಹತ್ತಿ ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡುತ್ತಾನೆ, ಇನ್ನೊಬ್ಬ ಜೀಪಿನವನನ್ನು ಎಬ್ಬಿಸುತ್ತಾನೆ. ಮಳೆ ಜೋರಾಗಿದ್ದರೆ ಕೂಗು ಅಂಗಳ ದಾಟುವುದಿಲ್ಲ. ಕೂಲಿಯವರ ಮನೆಯಲ್ಲಿ ಕೂಗೂ ಏಳುವುದಿಲ್ಲ. ಈ ಹೊತ್ತಿನಲ್ಲಿ ಯಾರನ್ನು ಎಬ್ಬಿಸುವುದು, ಜೀಪಿನ ಬಾಡಿಗೆ ಎಷ್ಟಾದೀತು, ಹೋದ ಸಲದ್ದೇ ಬಾಕಿ ಇದೆಯಲ್ಲ ಎಂದು ಲೆಕ್ಕ ಹಾಕುತ್ತ, ಬೆಳಗಾಗಲಿ ಎನ್ನುತ್ತಾರೆ. ತಮ್ಮ ಕಡತದಲ್ಲಿ ಇವರು ಸಹಾಯ ಕೇಳದವರು, ಅಂದರೆ ಸುರಕ್ಷಿತರು.

ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದ ಕಾಲದಲ್ಲಿ ಹೊಳೆಬಾಗಿಲಿನ ದಡದಲ್ಲಿ ದಾರಿ ಮುಗಿಯುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿನವರ ಒಳ್ಳೆಯತನವೇ ಗತಿ, ಇಲ್ಲವಾದರೆ ಕೋಗಾರು, ಕಾರ್ಗಲ್ ಮೇಲಿನ ಸುತ್ತುದಾರಿ. 2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆಯಾಯಿತು, ಉದ್ದ ಎರಡೂವರೆ ಕಿಲೋಮೀಟರಿನ ಹತ್ತಿರ. ಅದನ್ನು ನೋಡಲೆಂದೇ ಜನ ಬರುತ್ತಾರೆ, ನಮಗೂ ಹೆಮ್ಮೆಯೇ. ಈಗ ಆಂಬುಲೆನ್ಸ್ ಲಾಂಚಿಗೆ ಕಾಯುವುದಿಲ್ಲ, ಫೋನಿಗೆ ಕಾಯುತ್ತದೆ. ಹಿಂದೊಮ್ಮೆ ಈ ಭಾಗದ ಹುಡುಗರು ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಅಭಿಯಾನ ಮಾಡಿದಾಗ ಅದನ್ನು ರೀಲ್ಸ್ ನೋಡುವ ಹುಚ್ಚು ಎಂದುಕೊಂಡವರೂ ಇದ್ದಾರು.

ತಾವು ಕೂಗಿದರೆ ನಮಗೆ ಕೇಳುತ್ತದೆಯೇ ಎಂಬ ಪರೀಕ್ಷೆ ಮುಗಿಯಿತು. ನಾವು ಕೂಗಿದರೆ ತಮಗೆ ಕೇಳುತ್ತದೆಯೇ ಎಂಬುದಕ್ಕೂ ಒಂದು ದಿನ ಗೊತ್ತು ಮಾಡಿ. ಅದು ಆಷಾಢದ ರಾತ್ರಿಯಾಗಿರಲಿ, ಕರೆಂಟ್ ಹೋಗಿ ಎರಡು ದಿನವಾದ ಮೇಲೆ. ಅಷ್ಟರೊಳಗೆ ಟವರಿನ ಬ್ಯಾಟರಿ ಬದಲಾಗಲಿ, ಜನರೇಟರಿಗೆ ಡೀಸೆಲ್ ಬರಲಿ. ಒಂಟಿಯಾಗಿರುವ ಹಿರಿಯರ, ದಿನ ತುಂಬಿದ ಬಸುರಿಯರ ಪಟ್ಟಿ ಪಂಚಾಯ್ತಿಯಲ್ಲಿರಲಿ. ಮಳೆ ಹಿಡಿದ ದಿನಗಳಲ್ಲಿ ಆ ಮನೆಗಳಿಗೆ ಯಾರಾದರೂ ಹೋಗಿ ನೋಡಿ ಬರುವಂತೆ ಆದೇಶವಾಗಲಿ, ಹೋಗುವವರ ಪೆಟ್ರೋಲ್ ಖರ್ಚನ್ನೂ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ವ್ಯಾಪ್ತಿ ಪ್ರದೇಶದ ಹೊರಗಿರುವ ಒಬ್ಬ ಚಂದಾದಾರ